ಕಟ್ಟಿ ಸಾರ್ಕ್‌ಗೆ ಮೂತಿ ಕೊಟ್ಟ ಬಾಂಬೆ ಹಡಗು: ಟ್ವೀಡ್ ದುಡಿದದ್ದು ಎಲ್ಲಿ, ಹೋದದ್ದು ಹೇಗೆ?

ಪ್ರಶ್ನೆ: ಈಚೆಗೆ ಲಂಡನ್ನಿಗೆ ಹೋಗಿದ್ದಾಗ ಗ್ರೀನಿಚ್‌ನಲ್ಲಿ ಕಟ್ಟಿ ಸಾರ್ಕ್ ಎಂಬ ಹಳೆಯ ಹಾಯಿಹಡಗನ್ನು ನೋಡಿದೆ. ಜೊತೆಗಿದ್ದವರೊಬ್ಬರು, "ಇದು ಬಾಂಬೆಯಲ್ಲಿ ಕಟ್ಟಿದ ಒಂದು ಹಡಗಿನ ನಕಲು" ಅಂದರು. ನಿಜವೇ? ನಿಜವಾದರೆ ಆ ಬಾಂಬೆ ಹಡಗು ಯಾವುದು? ಏನು ಕೆಲಸ ಮಾಡುತ್ತಿತ್ತು? ಕೊನೆಗೆ ಮುಳುಗಿತೇ? ನಮ್ಮ ಕಡೆಯ ತೇಗ ಅದರಲ್ಲಿತ್ತೇ?
– ಕಾರವಾರದ ಓದುಗರು

ಉತ್ತರ: ನಿಮ್ಮ ಜೊತೆಗಾರರು ಹೇಳಿದ್ದು ಅರ್ಧ ನಿಜ. ಆ ಹಡಗಿನ ಹೆಸರು 'ಟ್ವೀಡ್'. ಹುಟ್ಟಿದಾಗ ಇಟ್ಟ ಹೆಸರು 'ಪಂಜಾಬ್'. 1854ರಲ್ಲಿ ಬಾಂಬೆ ಗೋದಿಯಲ್ಲಿ, ಅಂದರೆ ಹಡಗು ಕಟ್ಟುವ ಕಟ್ಟೆಯಲ್ಲಿ, ನೀರಿಗಿಳಿಯಿತು. ಒಂಬತ್ತು ವರ್ಷ ಯುದ್ಧನೌಕೆಯಾಗಿತ್ತು, ಆಮೇಲೆ 25 ವರ್ಷ ಸರಕು ಹೊತ್ತಿತು. ಮುಳುಗಿತೇ ಅಂದರೆ, ಇಲ್ಲ. 1888ರಲ್ಲಿ ಬಿರುಗಾಳಿಗೆ ಸಿಕ್ಕು, ಹಾಯಿ ಕಟ್ಟುವ ಕೂವೆಕಂಬ ಕಳೆದುಕೊಂಡಿತು, ಬಂದರು ಸೇರಿತು, ಅಲ್ಲಿ ಅದನ್ನು ಒಡೆದು ಹಾಕಿದರು. ಹಡಗಿನ ಒಡಲು ಸೋತದ್ದಕ್ಕಿಂತ ಲೆಕ್ಕದ ಪುಸ್ತಕ ಸೋತದ್ದೇ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಕೊನೆಯ ಪ್ರಶ್ನೆ, ತೇಗದ್ದು.

ಬಾಂಬೆ ಗೋದಿ ಅಂದರೆ ವಾಡಿಯಾ ಮನೆತನ. ಲವ್ಜಿ ನುಸ್ಸರ್‌ವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿಯನ್ನು ಈಸ್ಟ್ ಇಂಡಿಯಾ ಕಂಪನಿ ಸೂರತ್‌ನಿಂದ ಕರೆಸಿಕೊಂಡದ್ದು 1730ರ ದಶಕದಲ್ಲಿ. ಅಲ್ಲಿಂದ ನೂರು ವರ್ಷಕ್ಕೂ ಮಿಕ್ಕಿ ಆ ಮನೆಯವರೇ ಗೋದಿಯ ಮುಖ್ಯ ಬಡಗಿಗಳು. ಬ್ರಿಟಿಷ್ ನೌಕಾಪಡೆಗೇ ಅವರು ದೊಡ್ಡ ದೊಡ್ಡ ಯುದ್ಧನೌಕೆ ಕಟ್ಟಿ ಕೊಟ್ಟರು. 1842ರಲ್ಲಿ ಚೀನಾ ಬ್ರಿಟಿಷರಿಗೆ ಸೋತು ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿತಲ್ಲ, ಆ ಸಹಿ ಬಿದ್ದದ್ದು ವಾಡಿಯಾಗಳು ಕಟ್ಟಿದ 'ಕಾರ್ನ್‌ವಾಲಿಸ್' ಹಡಗಿನ ಮೇಲೆ. ಪಂಜಾಬ್ ಕಟ್ಟುವ ಹೊತ್ತಿಗೆ ಮುಖ್ಯ ಬಡಗಿಯಾಗಿದ್ದವರು ಕರ್ಸೆಟ್‌ಜಿ ರುಸ್ತಮ್‌ಜಿ ವಾಡಿಯಾ. ನಕ್ಷೆ ಮಾತ್ರ ಇಂಗ್ಲೆಂಡಿನ ಆಲಿವರ್ ಲ್ಯಾಂಗ್ ಅವರದು. ಹಳೆಯ ಫ್ರೆಂಚ್ ಯುದ್ಧನೌಕೆಯೊಂದರ ಆಕಾರವನ್ನು ಅವರು ಅನುಸರಿಸಿದ್ದರು ಎನ್ನುತ್ತಾರೆ. ಅಂದರೆ ಕಟ್ಟಿ ಸಾರ್ಕ್ ಬಾಂಬೆಯ ನಕಲು ಅನ್ನುವವರು ಇನ್ನೊಂದು ಮೆಟ್ಟಿಲು ಹಿಂದೆ ಹೋದರೆ ಫ್ರಾನ್ಸ್ ಸಿಗುತ್ತದೆ! ಹಡಗು ಕಟ್ಟುವವರು ಒಬ್ಬರದನ್ನೊಬ್ಬರು ನೋಡಿ ಕಲಿಯುವುದು ಹೊಸದಲ್ಲ.

ಈ ಗೋದಿಗೆ ಮರ ಬರುತ್ತಿದ್ದದ್ದು ಮುಖ್ಯವಾಗಿ ಮಲಬಾರ್ ಮತ್ತು ಕೆನರಾ ಕಾಡುಗಳಿಂದ. ತೇಗವನ್ನು ಕಡಿದ ಕೂಡಲೇ ನೀರಿಗೆ ಹಾಕಿದರೆ ಮುಳುಗುತ್ತದೆ. ಹಾಗಾಗಿ ನಿಂತ ಮರದ ಬುಡದ ಸುತ್ತ ತೊಗಟೆ ಕೊಯ್ದು, ನಿಂತಲ್ಲೇ ಒಣಗಲು ಬಿಡುತ್ತಿದ್ದರು. ಒಂದೆರಡು ವರ್ಷ ಕಳೆದ ಮೇಲೆ ಕಡಿದು, ಮಳೆಗಾಲದ ಹೊಳೆಯಲ್ಲಿ ದಿಮ್ಮಿಗಳನ್ನು ತೇಲಿಸಿ ತೀರಕ್ಕೆ ತರುತ್ತಿದ್ದರು. ಅಲ್ಲಿಂದ ದೇಶಿ ಹಡಗುಗಳಲ್ಲಿ ಬಾಂಬೆಗೆ. ಆದ್ದರಿಂದ 'ನಮ್ಮ ಕಡೆಯ ತೇಗ' ಅಂತ ನೀವು ಹೇಳಿಕೊಂಡರೆ ಜಗಳಕ್ಕೆ ಬರುವವರು ಕೇರಳದವರು ಮಾತ್ರ. ಒಂದು ಅಡ್ಡಮಾತು: ಆಗ ಕೆನರಾ ಜಿಲ್ಲೆ ಮದ್ರಾಸ್ ಆಡಳಿತದಲ್ಲಿತ್ತು. ಉತ್ತರ ಕನ್ನಡ ಬಾಂಬೆಗೆ ಸೇರಿದ್ದು 1862ರಲ್ಲಿ.

ತೇಗಕ್ಕೆ ಯಾಕೆ ಅಷ್ಟು ಬೆಲೆ? ಗಟ್ಟಿ, ಬಾಳಿಕೆ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಹಡಗಿನವರಿಗೆ ಅದಕ್ಕಿಂತ ಮುಖ್ಯವಾದದ್ದು ಮೊಳೆ. ಇಂಗ್ಲೆಂಡಿನ ಓಕ್ ಮರದಲ್ಲಿ ಒಗರು ಆಮ್ಲ ಇದೆ. ಅದು ಕಬ್ಬಿಣದ ಮೊಳೆ, ಬೋಲ್ಟುಗಳನ್ನು ತಿನ್ನುತ್ತದೆ. ಹಲಗೆ ಚೆನ್ನಾಗಿದ್ದರೂ ಮೊಳೆ ಸತ್ತು ಹಡಗು ಸಡಿಲವಾಗುತ್ತದೆ. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಮೊಳೆ ಉಳಿಯುತ್ತದೆ. ಹಡಗು ತಪಾಸಣೆಯ ಕೆಲಸದಲ್ಲಿದ್ದಾಗ ನಾನು ಹಳೆ ಮರದ ಹಡಗುಗಳಲ್ಲಿ ಮೊದಲು ನೋಡುತ್ತಿದ್ದದ್ದು ಇದನ್ನೇ. ಹಲಗೆಗೆ ಸುತ್ತಿಗೆ ತಾಗಿಸಿದರೆ ಬರುವ ಸದ್ದು ಒಂದು ಕಥೆ ಹೇಳುತ್ತದೆ. ಹೊರಗೆಳೆದ ಮೊಳೆ ಇನ್ನೊಂದು ಕಥೆ ಹೇಳುತ್ತದೆ. ಮೇಲೆ ತಲೆ ದಪ್ಪಗೆ ಚಂದ ಇರುತ್ತದೆ. ಹಲಗೆಯೊಳಗೆ ಹೋದ ಭಾಗ ಸವೆದು ಪೆನ್ಸಿಲ್ ಸೀಸದಷ್ಟಾಗಿರುತ್ತದೆ. ತೇಗದ ಹಡಗಿನಲ್ಲಿ ಹಾಗಾಗುವುದು ಕಡಿಮೆ.

ಪಂಜಾಬ್ ಸಣ್ಣ ಹಡಗೇನಲ್ಲ. 1,745 ಟನ್. ಕಂಪನಿಯ ನೌಕಾಪಡೆಗೆ, ಅಂದರೆ ಇಂಡಿಯನ್ ನೇವಿಗೆ ಕಟ್ಟಿದ್ದು. ಹೊಟ್ಟೆಯಲ್ಲಿ ಉಗಿಯಂತ್ರ, ಎರಡೂ ಪಕ್ಕ ದೊಡ್ಡ ಚಕ್ರ, ಮೇಲೆ ಹಾಯಿ. ಅದೇ ವರ್ಷ ಅದೇ ಗೋದಿಯಲ್ಲಿ 'ಅಸಾಯೆ' ಎಂಬ ಜೋಡಿ ಹಡಗೂ ನೀರಿಗಿಳಿಯಿತು. 1856–57ರ ಪರ್ಷಿಯಾ ಯುದ್ಧದಲ್ಲಿ ಪಂಜಾಬ್ ಕೆಲಸ ಮಾಡಿತು. ಅದು ಮುಗಿಯುವಷ್ಟರಲ್ಲಿ 1857ರ ದಂಗೆ. ಹಡಗಿನ ನಾವಿಕರನ್ನು ಬಂಗಾಳಕ್ಕೆ ಕಳಿಸಿದರು. ಆ ವರ್ಷ ನವೆಂಬರ್ 22ರಂದು ಢಾಕಾದ ಲಾಲ್‌ಬಾಗ್ ಕೋಟೆಯಲ್ಲಿ ಸಿಪಾಯಿಗಳ ಆಯುಧ ಕಿತ್ತುಕೊಳ್ಳಲು ಹೋದ ತಂಡದಲ್ಲಿ ಇವರೂ ಇದ್ದರು. ಸಿಪಾಯಿಗಳು ತಿರುಗಿಬಿದ್ದರು, ತುಂಬಾ ಜನ ಸತ್ತರು. ಪಂಜಾಬ್‌ನ ಮಿಡ್‌ಶಿಪ್‌ಮನ್ ಆರ್ಥರ್ ಮೇಯೋಗೆ ಅಂದಿನ ಕಾಳಗಕ್ಕಾಗಿ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಬ್ರಿಟಿಷ್ ದಾಖಲೆಯಲ್ಲಿ ಇದು ಶೌರ್ಯದ ಪುಟ. ಸಿಪಾಯಿಗಳ ಕಡೆಯಿಂದ ಓದಿದರೆ ಬೇರೆಯದೇ ಪುಟ. ಹಡಗಿನ ಚರಿತ್ರೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಓಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

1863ರಲ್ಲಿ ಇಂಡಿಯನ್ ನೇವಿಯನ್ನೇ ಮುಚ್ಚಿದರು. ಚಕ್ರದ ಹಡಗುಗಳ ಕಾಲವೂ ಮುಗಿದಿತ್ತು, ಹಿಂದೆ ತಿರುಗುವ ಪ್ರೊಪೆಲ್ಲರ್ ಬಂದಿತ್ತು. ಪಂಜಾಬ್ ಮತ್ತು ಅಸಾಯೆ ಎರಡನ್ನೂ ಲಂಡನ್ನಿನ ಹಡಗು ಮಾಲೀಕ ಜಾನ್ ವಿಲ್ಲಿಸ್ ಕೊಂಡುಕೊಂಡರು. ಸ್ಕಾಟ್ಲೆಂಡ್ ಮೂಲದವರು. ಯಾವಾಗಲೂ ಬಿಳಿ ಹ್ಯಾಟ್ ಹಾಕಿಕೊಂಡು ಗೋದಿಗೆ ಬರುತ್ತಿದ್ದರಂತೆ, ಅದಕ್ಕೇ 'ಬಿಳಿ ಹ್ಯಾಟಿನ ವಿಲ್ಲಿಸ್' ಎಂಬ ಅಡ್ಡಹೆಸರು. ಪಕ್ಕಾ ವ್ಯಾಪಾರಿ. ಅಸಾಯೆಯನ್ನು ಒಳ್ಳೆ ಲಾಭಕ್ಕೆ ಮಾರಿ, ಪಂಜಾಬ್ ತನಗೆ ಪುಕ್ಕಟೆ ಬಿದ್ದ ಹಾಗೆ ಮಾಡಿಕೊಂಡರು ಎಂಬ ಮಾತಿದೆ. ಆಮೇಲೆ ಯಂತ್ರ, ಬಾಯ್ಲರು, ಚಕ್ರ ಎಲ್ಲ ಕಿತ್ತು ಹಾಕಿಸಿದರು. ಮೂರು ಕೂವೆಕಂಬದ ಅಪ್ಪಟ ಹಾಯಿಹಡಗು ಮಾಡಿದರು. ಸ್ಕಾಟ್ಲೆಂಡ್ ಗಡಿಯ ನದಿಯ ಹೆಸರಿಟ್ಟು 'ಟ್ವೀಡ್' ಎಂದರು.

ಯಂತ್ರ ತೆಗೆದು ಹಾಯಿ ಹಾಕಿದರೆ ಹಿಂದಕ್ಕೆ ಹೋದ ಹಾಗಲ್ಲವೇ ಅಂತ ನಿಮಗನ್ನಿಸಬಹುದು. ಆಗಿನ ಲೆಕ್ಕವೇ ಬೇರೆ. ಹಳೆ ಉಗಿಯಂತ್ರಗಳು ಕಲ್ಲಿದ್ದಲನ್ನು ವಿಪರೀತ ತಿನ್ನುತ್ತಿದ್ದವು. ಯಂತ್ರ ಕೂರುತ್ತಿದ್ದದ್ದು ಹಡಗಿನ ನಟ್ಟನಡುವೆ, ಅಂದರೆ ಸರಕು ತುಂಬಲು ಅತಿ ಒಳ್ಳೆಯ ಜಾಗದಲ್ಲಿ. ಉಳಿದ ಜಾಗಕ್ಕೆ ಕಲ್ಲಿದ್ದಲು. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ, ಆಫ್ರಿಕಾ ಸುತ್ತಿ ಬರಬೇಕು. ಅಷ್ಟು ದೂರಕ್ಕೆ ಕಲ್ಲಿದ್ದಲು ಹೊತ್ತರೆ ಬಾಡಿಗೆ ಕೊಡುವ ಸರಕು ಎಲ್ಲಿ ಹಾಕುವುದು? ಗಾಳಿಗಾದರೆ ಕಾಸು ಕೊಡಬೇಕಾಗಿಲ್ಲ.

ಟ್ವೀಡ್‌ಗೆ ಸಿಕ್ಕ ಮೊದಲ ಕೆಲಸ ನನಗೆ ಬಹಳ ಇಷ್ಟವಾದದ್ದು. ಭಾರತ ಮತ್ತು ಯುರೋಪಿನ ನಡುವೆ ತಂತಿ ಸಂಪರ್ಕ ಕೂಡಿಸಲು ಪರ್ಷಿಯನ್ ಕೊಲ್ಲಿಯ ತಳದಲ್ಲಿ ಕೇಬಲ್ ಹಾಕಬೇಕಿತ್ತು. ಕೇಬಲ್ ತಯಾರಾದದ್ದು ಲಂಡನ್ನಿನಲ್ಲಿ. ಸಾವಿರ ಮೈಲಿಗೂ ಉದ್ದದ ಆ ಕೇಬಲ್ಲನ್ನು ಸುರುಳಿ ಸುತ್ತಿ ಐದು ಹಾಯಿಹಡಗುಗಳಲ್ಲಿ ತುಂಬಿದರು: ಟ್ವೀಡ್, ಅಸಾಯೆ, ಮರಿಯನ್ ಮೂರ್, ಕರ್ಕಮ್, ಕಾಸ್ಪ್ಯಾಟ್ರಿಕ್. ಅವು ಆಫ್ರಿಕಾ ಸುತ್ತಿ ಬಾಂಬೆಗೆ ಬಂದವು. 1864ರಲ್ಲಿ ಗ್ವಾದರ್, ಮುಸಂದಮ್, ಬುಶೇರ್, ಫಾವ್ ಎಂಬ ತೀರದ ತಾಣಗಳ ನಡುವೆ ಕೇಬಲ್ ಇಳಿಸಿದರು. ಗಾಳಿ ನಂಬಿ ನೇರ ಗೆರೆಯಲ್ಲಿ ಕೇಬಲ್ ಇಳಿಸಲಾಗುವುದಿಲ್ಲ. ಹಾಗಾಗಿ ಉಗಿಹಡಗುಗಳು ಈ ಹಾಯಿಹಡಗುಗಳನ್ನು ಹಗ್ಗ ಕಟ್ಟಿ ಎಳೆದವು. ಏಳು ವರ್ಷದ ಹಿಂದೆ ಸ್ವಂತ ಯಂತ್ರದಲ್ಲಿ ಯುದ್ಧಕ್ಕೆ ಬಂದಿದ್ದ ಕಡಲಿಗೆ ಈಗ ಯಂತ್ರವಿಲ್ಲದೆ, ಇನ್ನೊಂದು ಉಗಿಹಡಗಿನ ಬೆನ್ನಿಗೆ ಬಿದ್ದು ಬಂತು. ಇದರಲ್ಲಿ ಇನ್ನೊಂದು ಮಜಾ ಇದೆ. ಮುಂದೆ ಇದೇ ತಂತಿಯಿಂದ ಲಂಡನ್ನಿನ ವರ್ತಕರಿಗೆ ಬಾಂಬೆ ದರ ಬೇಗ ತಿಳಿಯತೊಡಗಿತು. ಇಂಥ ದಿನ ಸರಕು ಬೇಕು ಅಂತ ಹೇಳಿ ತರಿಸಿಕೊಳ್ಳುವ ವ್ಯಾಪಾರ ಶುರುವಾಯ್ತು. ಅಂಥ ವ್ಯಾಪಾರಕ್ಕೆ ಬೇಕಾದದ್ದು ಉಗಿಹಡಗು. ತನ್ನ ಅನ್ನಕ್ಕೆ ಕಲ್ಲು ಹಾಕುವ ತಂತಿಯನ್ನು ಟ್ವೀಡ್ ತಾನೇ ಹೊತ್ತು ತಂದಿತ್ತು.

ಆಗ ಬಾಂಬೆಯಲ್ಲಿ ಹತ್ತಿಯ ಹುಚ್ಚು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು ಹೋಗಿ, ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆ ತಿರುಗಿದ್ದವು. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು. ನಿಮ್ಮ ಕಾರವಾರವನ್ನು ದೊಡ್ಡ ಬಂದರು ಮಾಡಬೇಕೆಂಬ ಗದ್ದಲವೂ ಆಗಿನದೇ. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿ ದರ ಬಿತ್ತು, ಬಾಂಬೆಯ ದೊಡ್ಡ ದೊಡ್ಡ ಕುಳಗಳು ದಿವಾಳಿಯಾದವು. ಹಡಗುಗಳು ಬೇರೆ ಬಾಡಿಗೆ ಹುಡುಕಿಕೊಂಡವು.

ಸರಕು ಹಡಗಿನ ಬದುಕು ಅಂದರೆ ಇದೇ. ಕಥೆಗಳಲ್ಲಿ ಬಿರುಗಾಳಿ, ರೇಸು, ಕಡಲ್ಗಳ್ಳರು. ನಿಜದಲ್ಲಿ ಬಾಡಿಗೆ ಹುಡುಕುವುದು, ತುಂಬುವುದು, ಇಳಿಸುವುದು, ಬಂದರಿನಲ್ಲಿ ವಾರಗಟ್ಟಲೆ ಕಾಯುವುದು. ಟ್ವೀಡ್ ಹೊತ್ತದ್ದಕ್ಕೆ ಒಂದೇ ಹೆಸರಿಲ್ಲ. ಕೇಬಲ್ ಹೊತ್ತಿತು, ಪೂರ್ವದ ಸರಕು ಹೊತ್ತಿತು, ಸೈನಿಕರನ್ನು ಸಾಗಿಸಿತು, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದಾರಿಯಲ್ಲೂ ಓಡಿತು. ಯುದ್ಧನೌಕೆಯಾಗಿ ಹುಟ್ಟಿದ್ದರಿಂದ ಡೆಕ್ಕುಗಳ ನಡುವೆ ಎತ್ತರ ಚೆನ್ನಾಗಿತ್ತು. ಜನರನ್ನು ಸಾಗಿಸಲು ಅನುಕೂಲ. ಮೂತಿ ಚೂಪಾಗಿತ್ತು, ನೀರನ್ನು ಸೀಳಿಕೊಂಡು ಹೋಗುತ್ತಿತ್ತು. ಸುಮ್ನೆ ಸರಕಿಗೆಂದೇ ಕಟ್ಟಿದ ಹಡಗುಗಳ ಮೂತಿ ಆಗ ಇನ್ನೂ ಮೊಂಡಾಗಿರುತ್ತಿತ್ತು. ಹೊಟ್ಟೆ ದೊಡ್ಡದಾದಷ್ಟೂ ಸರಕು ಜಾಸ್ತಿ ಹಿಡಿಯುತ್ತದೆ, ಓಟ ಕಡಿಮೆ.

ಹಡಗು ಚೆನ್ನಾಗಿದ್ದರೆ ಸಾಲದು, ಓಡಿಸುವವನೂ ಬೇಕು. ಪೀಟರ್‌ಹೆಡ್‌ನ ವಿಲಿಯಂ ಸ್ಟುವರ್ಟ್ 1863ರಿಂದ 1877ರವರೆಗೆ ಟ್ವೀಡ್‌ನ ಕ್ಯಾಪ್ಟನ್. ಹಾಯಿಹಡಗಿನ ಕ್ಯಾಪ್ಟನ್ನನ ಜಾಣತನ ತಿಳಿಯುವುದು ಹಾಯಿ ಬಿಚ್ಚುವಾಗ ಅಲ್ಲ, ಯಾವಾಗ ಸುತ್ತಬೇಕು ಎಂಬಲ್ಲಿ. ಗಾಳಿ ಏರುತ್ತಿದೆ. ಇನ್ನೊಂದು ಗಂಟೆ ಹಾಯಿ ಹಾಗೇ ಇಟ್ಟರೆ ಒಂದಷ್ಟು ಮೈಲಿ ಜಾಸ್ತಿ ಸಿಗುತ್ತದೆ. ಆದರೆ ತಡವಾದರೆ ಹಾಯಿ ಹರಿಯುತ್ತದೆ, ಅಡ್ಡಮರ ಮುರಿಯುತ್ತದೆ, ಮೇಲೆ ಹತ್ತಿದ ಹುಡುಗ ಕೆಳಗೆ ಬೀಳುತ್ತಾನೆ. ನಾಲ್ಕು ಗಂಟೆ ಕೆಲಸ, ನಾಲ್ಕು ಗಂಟೆ ಬಿಡುವು ಅನ್ನುವ ಪಾಳಿಯಲ್ಲಿ ದುಡಿಯುವ ನಾವಿಕರನ್ನು ಬಿಡುವಿನಲ್ಲೂ ಎಬ್ಬಿಸಬೇಕಾಗುತ್ತದೆ. ಒದ್ದೆ ಬಟ್ಟೆಯಲ್ಲೇ ಮಲಗಿ ಒದ್ದೆ ಬಟ್ಟೆಯಲ್ಲೇ ಏಳುವುದು. ತಿನ್ನಲು ಉಪ್ಪು ಹಾಕಿದ ಮಾಂಸ, ಕಲ್ಲಿನಂಥ ಬಿಸ್ಕತ್ತು. ಆಸ್ಟ್ರೇಲಿಯಾ ದಾರಿಯಲ್ಲಿ ಆಫ್ರಿಕಾ ದಾಟಿ ದಕ್ಷಿಣಕ್ಕೆ, 40 ಡಿಗ್ರಿಗಿಂತ ಕೆಳಗೆ ಇಳಿದರೆ ಪಶ್ಚಿಮದಿಂದ ಬಿಡುವಿಲ್ಲದ ಗಾಳಿ. ಅಲ್ಲಿ ಭೂಮಿಯ ಅಡ್ಡಿಯಿಲ್ಲದೆ ಅಲೆಗಳು ಬೆಟ್ಟದಂತೆ ಏಳುತ್ತವೆ. ಹಡಗು ದಿನಗಟ್ಟಲೆ ಅದೇ ಗಾಳಿಯಲ್ಲಿ ಓಡುತ್ತದೆ. ಹೆಸರು ಮಾಡುವುದೂ ಅಲ್ಲೇ, ಕೆಡಿಸಿಕೊಳ್ಳುವುದೂ ಅಲ್ಲೇ.

ಸ್ಟುವರ್ಟ್ ಕೈಕೆಳಗೆ ಮುಂದೆ ಬೇರೊಂದು ಹಡಗಿನಲ್ಲಿ ದುಡಿದ ನಾವಿಕರೊಬ್ಬರು ಬರೆದಿಟ್ಟದ್ದು: 1860ರ ದಶಕದಲ್ಲಿ ಹಾಂಗ್‌ಕಾಂಗ್‌ನಿಂದ ಸಿಂಗಪುರಕ್ಕೆ ಹೊರಟ ಟ್ವೀಡ್, ಟಪಾಲು ತರುವ ಉಗಿಹಡಗಿಗಿಂತ ಒಂದೂವರೆ ದಿನ ಮೊದಲೇ ಬಂದು ಸೇರಿತು. ಇದನ್ನು ಓದಿದಾಗ ಹಾಯಿ ಉಗಿಯನ್ನು ಸೋಲಿಸಿತು ಅಂತ ಬೀಗಬಾರದು. ಮಾನ್ಸೂನ್ ಗಾಳಿ ಬೆನ್ನಿಗೆ ಸರಿಯಾಗಿ ಸಿಕ್ಕರೆ ಅಂಥದ್ದು ಆಗುತ್ತದೆ. ಗಾಳಿ ಸತ್ತರೆ ಅದೇ ಹಡಗು ವಾರ ಪೂರ್ತಿ ಒಂದೇ ಕಡೆ ತೊನೆಯುತ್ತಾ ಕೂರುತ್ತದೆ. ಉಗಿಹಡಗು ಮಾತ್ರ ಹೇಳಿದ ದಿನಕ್ಕೆ ಬರುತ್ತದೆ.

ಈಗ ಕಟ್ಟಿ ಸಾರ್ಕ್ ವಿಷಯ. 1860ರ ದಶಕದ ಕೊನೆಗೆ ವಿಲ್ಲಿಸ್‌ಗೆ ಚೀನಾ ಚಹಾದ ಓಟಕ್ಕೆ ಒಂದು ಹಡಗು ಬೇಕಾಯ್ತು. ಡಂಬರ್ಟನ್‌ನ ಹರ್ಕ್ಯುಲಿಸ್ ಲಿಂಟನ್ ಎಂಬ ಯುವ ವಿನ್ಯಾಸಕಾರನನ್ನು ಹಿಡಿದರು. ಟ್ವೀಡ್ ರಿಪೇರಿಗೆ ಒಣ ಗೋದಿಯಲ್ಲಿ ನಿಂತಿದ್ದಾಗ ಕರೆದುಕೊಂಡು ಹೋಗಿ ತೋರಿಸಿದರು. ನೀರಿಲ್ಲದ ಗೋದಿಯಲ್ಲಿ ಹಡಗಿನ ಅಡಿಭಾಗ ಪೂರ್ತಿ ಕಾಣುತ್ತದೆ. ಟ್ವೀಡ್ ಓಡುವ ಗುಟ್ಟು ಅದರ ಮೂತಿಯಲ್ಲಿದೆ ಎಂಬುದು ವಿಲ್ಲಿಸ್ ನಂಬಿಕೆ. ಲಿಂಟನ್ ಆ ಮೂತಿಯ ಆಕಾರವನ್ನು ತೆಗೆದುಕೊಂಡರು. ಆದರೆ ಹಿಂಭಾಗ ಅವರಿಗೆ ಹಿಡಿಸಲಿಲ್ಲ. ಅದು ತೀರಾ ಪೀಪಾಯಿಯಂತೆ ದುಂಡಗಿದೆ ಅನ್ನಿಸಿತು. ಕಟ್ಟಿ ಸಾರ್ಕ್‌ಗೆ ಹಿಂಭಾಗವನ್ನು ಅಗಲ ಮಾಡಿದರು. ಹಿಂದಿನಿಂದ ದೊಡ್ಡ ಅಲೆ ಬಂದಾಗ ಅಗಲವಾದ ಹಿಂಭಾಗ ಮೇಲೇಳುತ್ತದೆ, ಚುಕ್ಕಾಣಿ ಹಿಡಿದವನ ಮೇಲೆ ನೀರು ಬೀಳುವುದು ಕಡಿಮೆಯಾಗುತ್ತದೆ.

ಇನ್ನು ಗಾತ್ರ. ಕಟ್ಟಿ ಸಾರ್ಕ್ 963 ಟನ್, ಟ್ವೀಡ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕಟ್ಟಿದ ರೀತಿಯೂ ಬೇರೆ. ಟ್ವೀಡ್ ಮರದ ಹಡಗು. ಕಟ್ಟಿ ಸಾರ್ಕ್‌ನ ಅಸ್ಥಿಪಂಜರ ಕಬ್ಬಿಣದ್ದು, ಹೊರಹಲಗೆ ಮಾತ್ರ ಮರ. ನೀರಿನ ಮೇಲ್ಭಾಗಕ್ಕೆ ತೇಗ, ಕೆಳಗೆ ಎಲ್ಮ್ ಎಂಬ ಮರ. ಹಾಗಾಗಿ 'ನಕಲು' ಎಂಬ ಮಾತು ಜಾಸ್ತಿಯಾಯ್ತು. ಮೂತಿ ಟ್ವೀಡ್‌ನದು ಅನ್ನಿ, ಸಾಕು. ಕಟ್ಟಿ ಸಾರ್ಕ್‌ನ ಮೊದಲ ಕ್ಯಾಪ್ಟನ್ ಜಾರ್ಜ್ ಮೂಡಿ ಕೂಡ ಮೊದಲು ಟ್ವೀಡ್‌ನಲ್ಲಿ ಸ್ಟುವರ್ಟ್‌ಗೆ ಮೇಟ್, ಅಂದರೆ ಕೈಕೆಳಗಿನ ಅಧಿಕಾರಿ, ಆಗಿದ್ದವರು. ಅಂದರೆ ಹೋದದ್ದು ಆಕಾರ ಒಂದೇ ಅಲ್ಲ, ಕೆಲಸ ಕಲಿತ ಮನುಷ್ಯನೂ ಹೋದರು. ಜನ ಯಾವಾಗಲೂ ಮೂತಿಯ ಬಗ್ಗೆ ಮಾತಾಡುತ್ತಾರೆ, ಮೂಡಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಟ್ಟಿ ಸಾರ್ಕ್ ನೀರಿಗಿಳಿದದ್ದು 1869ರ ನವೆಂಬರ್ 22ಕ್ಕೆ. ಸೂಯೆಜ್ ಕಾಲುವೆ ತೆರೆದದ್ದು ಅದೇ ನವೆಂಬರ್ 17ಕ್ಕೆ. ಐದೇ ದಿನದ ಅಂತರ! ಹಾಯಿಹಡಗು ಆ ಕಾಲುವೆಯಲ್ಲಿ ಹೋಗುವುದು ಕಷ್ಟ. ಒಳಗೆ ಎಳೆಸಿಕೊಂಡು ಹೋಗಬೇಕು. ದಾಟಿದ ಮೇಲೆ ಕೆಂಪು ಸಮುದ್ರದಲ್ಲಿ ಎದುರುಗಾಳಿ, ಹವಳದ ದಿಬ್ಬ. ಉಗಿಹಡಗುಗಳಿಗೆ ದಾರಿ ಸಾವಿರಾರು ಮೈಲಿ ಕಡಿಮೆಯಾಯ್ತು. ಜೊತೆಗೆ ಕಡಿಮೆ ಕಲ್ಲಿದ್ದಲು ತಿನ್ನುವ ಹೊಸ ಯಂತ್ರಗಳೂ ಬಂದವು. ಚಹಾ ಮೊದಲು ಹಾಯಿಯ ಕೈ ತಪ್ಪಿತು. ಹಾಯಿಹಡಗುಗಳು ಉಣ್ಣೆ, ಕಲ್ಲಿದ್ದಲು, ಸೆಣಬು, ಸೀಮೆಎಣ್ಣೆ ಡಬ್ಬಿ ಹೀಗೆ ಅವಸರವಿಲ್ಲದ ಸರಕಿಗೆ ಇಳಿದವು.

1877ರಲ್ಲಿ ಸ್ಟುವರ್ಟ್ ಟ್ವೀಡ್ ಬಿಟ್ಟು 'ಲಾಕ್ ಎಟಿವ್' ಎಂಬ ಹೊಸ ಕಬ್ಬಿಣದ ಹಡಗಿಗೆ ಹೋದರು. ಅಲ್ಲಿ ಅವರಿಗೆ ಟ್ವೀಡ್‌ನ ಓಟ ಸಿಗಲೇ ಇಲ್ಲ. ಹಳೆ ಹಡಗಿನ ಲೆಕ್ಕದಲ್ಲೇ ಹೊಸದನ್ನು ಓಡಿಸಲು ಹೋಗುತ್ತಿದ್ದರು ಎಂದು, ಸಿಂಗಪುರದ ಓಟದ ಕಥೆ ಬರೆದಿಟ್ಟ ಅದೇ ನಾವಿಕರು ಬರೆದಿದ್ದಾರೆ. ಓಟ ಹಡಗಿನದೋ ಕ್ಯಾಪ್ಟನ್ನನದೋ ಎಂಬ ಹಳೆ ವಾದಕ್ಕೆ ಇದು ಒಂದು ಉತ್ತರ. ಎರಡೂ ಒಟ್ಟಿಗೆ ಇದ್ದಾಗ ಮಾತ್ರ.

ಇನ್ನು ಕೊನೆ. 1888ರ ಜುಲೈ. ಟ್ವೀಡ್‌ಗೆ 34 ವರ್ಷ. ಚೀನಾದಿಂದ ನ್ಯೂಯಾರ್ಕ್‌ಗೆ ಹೊರಟಿತ್ತು. ಆ ದಾರಿ ಹಿಂದೂ ಮಹಾಸಾಗರ ದಾಟಿ ಆಫ್ರಿಕಾದ ತುದಿ ಸುತ್ತಿ ಹೋಗುತ್ತದೆ. ಜುಲೈ ಅಂದರೆ ಅಲ್ಲಿ ಚಳಿಗಾಲ, ಪಶ್ಚಿಮದ ಬಿರುಗಾಳಿಯ ಕಾಲ. ಅಲ್ಲಿ ಅಗುಲ್ಹಾಸ್ ಎಂಬ ಪ್ರವಾಹವೂ ಇದೆ. ಆಫ್ರಿಕಾದ ಪೂರ್ವ ತೀರದುದ್ದಕ್ಕೂ ನೈಋತ್ಯಕ್ಕೆ ಹರಿಯುತ್ತದೆ. ಪಶ್ಚಿಮಕ್ಕೆ ಹೋಗುವ ಹಾಯಿಹಡಗು ಅದನ್ನು ಹಿಡಿದುಕೊಂಡರೆ ಪುಕ್ಕಟೆ ಮೈಲಿ. ಅದಕ್ಕೇ ಎಲ್ಲರೂ ಅಲ್ಲೇ ಹೋಗುತ್ತಿದ್ದರು. ಆದರೆ ಎದುರಿನಿಂದ ಬಿರುಗಾಳಿ ಬಂದು ಪ್ರವಾಹಕ್ಕೆ ಡಿಕ್ಕಿ ಹೊಡೆದಾಗ ಅಲೆಗಳು ಗೋಡೆಯ ಹಾಗೆ ಕಡಿದಾಗಿ ನಿಲ್ಲುತ್ತವೆ. ಎರಡು ಅಲೆಗಳ ನಡುವೆ ಹಡಗಿಗೆ ಸುಧಾರಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಅಂಥ ಕಡಲಿನಲ್ಲಿ ಟ್ವೀಡ್ ಕೂವೆಕಂಬ ಕಳೆದುಕೊಂಡಿತು.

ಕೂವೆಕಂಬ ಮುರಿಯುವುದು ಅಂದರೆ ಒಂದು ಕಂಬ ಮುರಿದು ಬಿದ್ದ ಹಾಗಲ್ಲ. ಮದುವೆ ಚಪ್ಪರ ನೆನಪು ಮಾಡಿಕೊಳ್ಳಿ. ಒಂದು ಕಡೆಯ ಎಳೆಹಗ್ಗ ಕಿತ್ತರೆ ಪಕ್ಕದ ಕಂಬವೂ ವಾಲುತ್ತದೆ. ಹಾಯಿಹಡಗಿನ ಮೂರೂ ಕಂಬಗಳು ಹಗ್ಗ, ತಂತಿಗಳಿಂದ ಹಾಗೇ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಮುಂದಿನದು ಹೋದರೆ ನಡುವಿನದರ ತುದಿಯನ್ನೂ ಎಳೆದುಕೊಂಡು ಹೋಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಮುರಿದ ಮರ ನೀರಿಗೆ ಬಿದ್ದರೂ ಹಗ್ಗಗಳು ಬಿಡುವುದಿಲ್ಲ. ಹಡಗಿನ ಪಕ್ಕದಲ್ಲೇ ತೇಲುತ್ತಾ ಪ್ರತಿ ಅಲೆಗೂ ಒಡಲಿಗೆ ಗುದ್ದುತ್ತದೆ. ನಾವಿಕರು ಕತ್ತಲಲ್ಲಿ, ಡೆಕ್ಕಿನ ಮೇಲೆ ಸೊಂಟದವರೆಗೆ ನೀರು ಬರುವಾಗ, ಕೊಡಲಿ ಹಿಡಿದು ಒಂದೊಂದೇ ಹಗ್ಗ ಕಡಿಯಬೇಕು. ಕಡಿಯುವುದು ತಡವಾದರೆ ಹಡಗಿನದೇ ಮರ ಹಡಗಿನ ಹೊಟ್ಟೆ ಸೀಳುತ್ತದೆ. ಎಷ್ಟೋ ಹಡಗುಗಳು ಹೋದದ್ದು ಬಿರುಗಾಳಿಯಿಂದ ಅಲ್ಲ, ಅದಾದ ಮೇಲಿನ ಈ ಗುದ್ದಿನಿಂದ. ಕಂಬ ಹೋದ ಹಡಗು ಜಾಸ್ತಿ ಬೇಗನೆ ಹೊರಳುತ್ತದೆ ಕೂಡ. ಮೇಲಿನ ಭಾರ ಹೋದದ್ದರಿಂದ ರಪ್ಪನೆ ಈಕಡೆ, ರಪ್ಪನೆ ಆಕಡೆ. ಉಳಿದ ಕಂಬದ ಬುಡವೂ ಸಡಿಲವಾಗುತ್ತದೆ.

ಟ್ವೀಡ್‌ನ ಒಡಲು ಇದನ್ನೆಲ್ಲ ತಡೆದುಕೊಂಡಿತು. ಉಗಿಹಡಗೊಂದು ಅದನ್ನು ಎಳೆದುಕೊಂಡು ದಕ್ಷಿಣ ಆಫ್ರಿಕಾದ ಅಲ್ಗೋವಾ ಕೊಲ್ಲಿಗೆ, ಪೋರ್ಟ್ ಎಲಿಜಬೆತ್ ಊರಿಗೆ ತಂದಿತು. 24 ವರ್ಷದ ಹಿಂದೆ ಕೇಬಲ್ ಹಾಕುವಾಗ ಎಳೆಸಿಕೊಂಡ ಹಾಗೆ. ಆಗ ಸಂಬಳಕ್ಕೆ, ಈಗ ಜೀವಕ್ಕೆ.

ಅಲ್ಲಿ ಒಡೆದು ಹಾಕಿದ್ದು ಯಾಕೆ? ಆ ಊರಿನ ಬಂದರು ಆಗ ತೆರೆದ ಕೊಲ್ಲಿ. ಹಡಗುಗಳು ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಸರಕು ಇಳಿಸಬೇಕಿತ್ತು. ಆಗ್ನೇಯ ಗಾಳಿ ಎದ್ದರೆ ಲಂಗರು ಕಿತ್ತು ದಡಕ್ಕೆ ಬಡಿಯುವ ಭಯ. ಇಷ್ಟು ದೊಡ್ಡ ಹಡಗಿಗೆ ಹೊಸ ಕೂವೆಕಂಬ ಹಾಕುವ ಸೌಕರ್ಯ ಅಲ್ಲಿರಲಿಲ್ಲ. ಕಂಬ, ಅಡ್ಡಮರ, ತಂತಿ, ಹಾಯಿ ಎಲ್ಲ ಹೊರಗಿನಿಂದ ತರಿಸಬೇಕು. ಇಂಥ ಹೊತ್ತಿನಲ್ಲಿ ತಪಾಸಣೆಯವರು ಬಂದು ಎರಡು ಅಂಕಿ ಬರೆಯುತ್ತಾರೆ: ರಿಪೇರಿಗೆ ಎಷ್ಟು, ರಿಪೇರಿಯಾದ ಮೇಲೆ ಹಡಗಿನ ಬೆಲೆ ಎಷ್ಟು. ಮೊದಲನೆಯದು ದೊಡ್ಡದಾದರೆ ಅಲ್ಲಿಗೆ ಮುಗಿಯಿತು. ಹಡಗು ತೇಲುತ್ತಿದ್ದರೂ ಕಾಗದದ ಮೇಲೆ ಸತ್ತ ಹಾಗೆ. 1888ರಲ್ಲಿ 34 ವರ್ಷದ ಮರದ ಹಾಯಿಹಡಗಿಗೆ ಎರಡನೆಯ ಅಂಕಿ ತೀರಾ ಸಣ್ಣದು. ಅದೇ ಅಪಘಾತ ಇಪ್ಪತ್ತು ವರ್ಷ ಮೊದಲು ಆಗಿದ್ದರೆ ವಿಲ್ಲಿಸ್ ದುಡ್ಡು ಕೊಟ್ಟು ಕಂಬ ತರಿಸುತ್ತಿದ್ದರು, ನನಗೆ ಅನುಮಾನವಿಲ್ಲ. ಅದಕ್ಕೇ ಮೊದಲೇ ಹೇಳಿದೆ, ಸೋತದ್ದು ಲೆಕ್ಕದ ಪುಸ್ತಕ ಅಂತ.

ಮರ ಮಾತ್ರ ಚೆನ್ನಾಗಿಯೇ ಇತ್ತು. ಒಡೆದ ಮೇಲೆ ತೇಗದ ತೊಲೆಗಳು ಆ ಊರಿನ ಚರ್ಚೊಂದರ ಛಾವಣಿಗೆ ಹೋದವು ಎನ್ನುತ್ತಾರೆ. ಹಳೆ ಹಡಗಿನ ತೇಗಕ್ಕೆ ಯಾವ ಊರಿನಲ್ಲೂ ಗಿರಾಕಿ ಸಿಗುತ್ತದೆ.

ಜೊತೆಯವುಗಳ ಗತಿಯನ್ನೂ ಕೇಳಿ. ಜೋಡಿ ಹಡಗು ಅಸಾಯೆ 1865ರಲ್ಲೇ ಐರ್ಲೆಂಡಿನ ದಕ್ಷಿಣ ತೀರದ ಗ್ಯಾಲಿ ಹೆಡ್ ಬಳಿ ಬಂಡೆಗೆ ಬಡಿದು ಹೋಯಿತು. ಅದೇ ಗೋದಿ, ಅದೇ ವರ್ಷ ಕಟ್ಟಿದ್ದು. ದಡ ಹತ್ತಿರವಿದ್ದಾಗ ತೇಗವಾದರೇನು, ಓಕ್ ಆದರೇನು? ಕೇಬಲ್ ಹೊತ್ತ ಇನ್ನೊಂದು ಹಡಗು ಕಾಸ್ಪ್ಯಾಟ್ರಿಕ್ ಬರ್ಮಾದ ಮೌಲ್ಮೇನ್‌ನಲ್ಲಿ ಕಟ್ಟಿದ ತೇಗದ ಹಡಗು. 1874ರಲ್ಲಿ ವಲಸಿಗರನ್ನು ತುಂಬಿಕೊಂಡು ನ್ಯೂಜಿಲೆಂಡಿಗೆ ಹೊರಟಿತ್ತು. ನವೆಂಬರ್ 17ರ ರಾತ್ರಿ, ಆಫ್ರಿಕಾದ ತುದಿಯಿಂದ ದೂರ ಕಡಲಿನಲ್ಲಿ, ಮುಂಭಾಗದ ಉಗ್ರಾಣದಲ್ಲಿ ಬೆಂಕಿ ಕಾಣಿಸಿತು. ಉಗ್ರಾಣದಲ್ಲಿ ಇದ್ದದ್ದು ಹಗ್ಗ, ಟಾರು, ಬಣ್ಣದ ಎಣ್ಣೆ. ಮೂತಿಯನ್ನು ಗಾಳಿಗೆ ತಿರುಗಿಸಿದ್ದರಿಂದ ಬೆಂಕಿ ಹಿಂದಕ್ಕೆ ಹರಡಿತು. 470ರಷ್ಟು ಜನರಲ್ಲಿ ಕೊನೆಗೆ ಬದುಕಿದವರು ಮೂವರು. ಇದ್ದ ದೋಣಿಗಳಲ್ಲಿ ಅರ್ಧದಷ್ಟು ಜನಕ್ಕೂ ಜಾಗವಿರಲಿಲ್ಲ. ಆ ಕಾಲದ ಕಾನೂನಿಗೆ ಅದು ತಪ್ಪಾಗಿ ಕಾಣಲಿಲ್ಲ. ನೀರಿಗೆ ಬಗ್ಗದ ತೇಗ ಬೆಂಕಿಗೆ ಬರೀ ಸೌದೆ.

ಬಾಂಬೆ ಗೋದಿಯ ಕೆಲಸವನ್ನು ಕಣ್ಣಾರೆ ನೋಡಬೇಕು ಅಂತಿದ್ದರೆ ಗ್ರೀನಿಚ್ ಸಾಲದು. ಇಂಗ್ಲೆಂಡಿನ ಈಶಾನ್ಯ ತೀರದ ಹಾರ್ಟ್ಲ್‌ಪೂಲ್‌ಗೆ ಹೋಗಿ. ಅಲ್ಲಿ 'ಟ್ರಿಂಕೋಮಲಿ' ನಿಂತಿದೆ. 1817ರಲ್ಲಿ ವಾಡಿಯಾಗಳು ತೇಗದಲ್ಲಿ ಕಟ್ಟಿದ ಯುದ್ಧನೌಕೆ, ಈಗಲೂ ನೀರಿನ ಮೇಲೆ ತೇಲುತ್ತಿದೆ. ಅದರ ನಕ್ಷೆಯನ್ನು ಇಂಗ್ಲೆಂಡಿನಿಂದ ತರುತ್ತಿದ್ದ ಹಡಗನ್ನು 1812ರಲ್ಲಿ ಅಮೆರಿಕದವರು ಹಿಡಿದು ಸುಟ್ಟರು, ಇನ್ನೊಂದು ಪ್ರತಿ ಕಳಿಸಬೇಕಾಯ್ತು. ಡೆಕ್ಕಿನ ಮೇಲೆ ನಿಂತು ಫೋಟೋ ತೆಗೆದುಕೊಂಡು ವಾಪಸ್ ಬರಬೇಡಿ. ಕೆಳಗಿಳಿದು ಪಕ್ಕೆಲುಬಿನ ತೊಲೆಗಳು ಒಂದಕ್ಕೊಂದು ಸೇರುವ ಜಾಗ ನೋಡಿ, ಕೈಯಿಂದ ಮುಟ್ಟಿ. ಸಿಬ್ಬಂದಿಯನ್ನು ಕೇಳಿದರೆ ಯಾವುದು ಬಾಂಬೆಯ ಮೂಲ ಮರ, ಯಾವುದು ಆಮೇಲೆ ಹಾಕಿದ್ದು ಅಂತ ತೋರಿಸಿಯಾರು. ತಲೆ ಮಾತ್ರ ಬಗ್ಗಿಸಿಕೊಂಡೇ ಓಡಾಡಿ, ಅಲ್ಲಿ ಸೂರು ತಗ್ಗು.